ದಿನಕ್ಕೊಂದು ಹಸಿ ಕೊಂಬೆ

ದಿಂಡಿಗಲ್, 4 ಮಾರ್ಚ್ 1895

ತಂಗಿ ಪೇಚ್ಚಿಯಮ್ಮಾಳಿಗೆ ಅಣ್ಣ ಗೋವಿಂದನ್ ಬರೆಯುವುದು.

ನಿನ್ನ ಮಗಳು ತಿಲಗವತಿ ನಿನ್ನೆ ಸಂಜೆ ಬಂದು ಸೇರಿದಳು. ಗೂಡಲೂರಿನಿಂದ ಆರು ದಿನದ ಗಾಡಿ ದಾರಿ. ಗಾಡಿಯ ಪೆರಿಯಸಾಮಿ ಕೆಳಗಿಳಿದವನೇ ಕಿವಿಗೆ ಸುತ್ತಿದ್ದ ವಲ್ಲಿ ಬಿಚ್ಚಿದ. ಬತ್ತಲಗುಂಡು ದಾಟುವವರೆಗೂ ಹುಡುಗಿ ಬಾಯಿ ಮುಚ್ಚಲಿಲ್ಲವಂತೆ, ಅದಕ್ಕೆ ಅವನು ಕಿವಿ ಮುಚ್ಚಿಕೊಂಡನಂತೆ.

ಕಾಗದವನ್ನು ಕನ್ನಡ ಅಕ್ಷರದಲ್ಲೇ ಬರೆ. ಮನೆಯೊಳಗೆ ಆಡುವುದು ಕನ್ನಡವಾದರೂ ನಮ್ಮ ಜನರಲ್ಲಿ ಬರೆಯಬಲ್ಲವರು ತಮಿಳಿನಲ್ಲಿ ಬರೆಯುತ್ತಾರೆ. ತಾತ ಬೆತ್ತ ಹಿಡಿದು ನಮ್ಮಿಬ್ಬರಿಗೂ ಈ ಅಕ್ಷರ ತಿದ್ದಿಸಿದ್ದು ಈಗ ಉಪಯೋಗಕ್ಕೆ ಬಂತು. ನನ್ನ ಮಂಡಿಯ ಗುಮಾಸ್ತ ಎಲ್ಲರ ಕಾಗದವನ್ನೂ ಓದುತ್ತಾನೆ, ಇದನ್ನು ಓದಲಾರ.

ನಮ್ಮ ಮನೆ ನೀನು ನೋಡಿಲ್ಲ. ಮುಂದೆ ಹೊಗೆಸೊಪ್ಪಿನ ಮಂಡಿ, ಹಿಂದೆ ಸೊಪ್ಪು ಒಣಗಿಸುವ ಕೊಟ್ಟಿಗೆ, ಅದರಾಚೆ ತೊಗಲು ಹದಮಾಡುವವರ ಎತ್ತರದ ಗೋಡೆ. ಅಂಗಳಕ್ಕೆಲ್ಲ ಕಲ್ಲು ಹಾಸಿಸಿದ್ದೇನೆ. ಹುಲ್ಲು ಏಳುವುದಿಲ್ಲ, ಕಸ ಹೊಡೆಯಲು ಸುಲಭ. ನಿನ್ನ ಮಗಳು ಅಂಗಳದಲ್ಲಿ ಒಂದು ಸುತ್ತು ಹಾಕಿ ಬಂದು ಕೇಳಿದಳು: "ಮಾಮಾ, ಮರಾನೆಲ್ಲ ಎಲ್ಲಿಟ್ಟಿದ್ದೀರಿ?" ನಾನು ಕೋಟೆಯ ಗುಡ್ಡಕ್ಕೆ ಕೈ ತೋರಿಸಿದೆ. "ಅಯ್ಯೋ, ಅದು ಬರೀ ಕಲ್ಲು, ಪಾರೆಯಲ್ಲವಾ" ಎಂದು ನಕ್ಕಳು. ಸೆರಗಿನ ತುದಿಯಲ್ಲಿ ಒಂದು ಹಿಡಿ ಅವರೆ ಬೀಜ ಗಂಟು ಹಾಕಿಕೊಂಡು ಬಂದಿದ್ದಾಳೆ. ಒಡೆದ ಗಡಿಗೆಯಲ್ಲಿ ಮಣ್ಣು ತುಂಬಿಕೊಡು ಎಂದು ಈಗಾಗಲೇ ಎರಡು ಸಲ ಕೇಳಿದಳು.

ನಿನ್ನ ಅತ್ತಿಗೆ ವೀರಮ್ಮಾಳಿಗೆ ಮನೆಕೆಲಸಕ್ಕೆ ಒಂದು ಕೈ ಸಿಕ್ಕಿತೆಂದು ಸಂತೋಷ. ಆದರೆ ಈ ಹುಡುಗಿಯ ಗಲಾಟೆಗೆ ಅಕ್ಕಪಕ್ಕದವರು ನಮ್ಮ ಮನೆಯಲ್ಲಿ ಜಗಳವೆಂದು ಬಂದು ಇಣುಕಿದರು. ನನ್ನ ಮಗಳು ಚೆಲ್ಲಮ್ಮಾಳಿಗೆ ಹತ್ತು ತುಂಬಿತು. ಅವಳೊಬ್ಬಳು ಮನೆಯಲ್ಲಿದ್ದಾಳೆಂದೇ ಯಾರಿಗೂ ಗೊತ್ತಾಗುವುದಿಲ್ಲ, ಅಷ್ಟು ಒಳ್ಳೆಯ ಮಗು. ಅವಳನ್ನು ನೋಡಿ ಇವಳು ಕಲಿಯಲಿ. ಹೇಗೂ ಸೋದರತ್ತೆಯ ಮಗಳು ನಮ್ಮ ಮಗ ದುರೈಗೆ ಮುರೆ ಹೆಣ್ಣು, ಮದುವೆಯ ವರಸೆಯವಳು. ಇವತ್ತಲ್ಲ ನಾಳೆ ಈ ಮನೆಗೇ ಬರಬೇಕಾದವಳು ಎರಡು ವರ್ಷ ಮೊದಲೇ ಬಂದಳು, ಅಷ್ಟೆ.

ಗೋವಿಂದನ್

*

ಗೂಡಲೂರು, 22 ಮಾರ್ಚ್ 1895

ಅಣ್ಣನಿಗೆ ಪೇಚ್ಚಿ ಮಾಡುವ ನಮಸ್ಕಾರ.

ಅವಳು ತಲುಪಿದಳೆಂದು ಓದಿದ ಮೇಲೆ ಅನ್ನ ಇಳಿಯಿತು. ಇಲ್ಲಿ ವಾಂತಿಭೇದಿ ನಿಂತಿಲ್ಲ. ಬೆಟ್ಟದ ಮೇಲೆ ಅಣೆಕಟ್ಟಿನ ಕೆಲಸಕ್ಕೆ ಹೋದ ಕೂಲಿಗಳು ಕುಮಿಳಿಯ ದಾರಿಯಲ್ಲಿ ಇಳಿದು ನಮ್ಮೂರಿನಲ್ಲೇ ಬೀಳುತ್ತಾರೆ. ನಮ್ಮ ಕೇರಿಯಲ್ಲಿ ಏಳು ಜನ ಹೋದರು. ನಾನು ಚೆನ್ನಾಗಿದ್ದೇನೆ. ಅವಳ ಅಪ್ಪನಂತೂ ಇಲ್ಲ, ಇವಳಾದರೂ ಉಳಿಯಲಿ ಎಂದೇ ಕಳಿಸಿದ್ದು. ಊರು ಶುದ್ಧವಾಗುವವರೆಗೆ ಅಲ್ಲೇ ಇರಲಿ.

ಒಂದು ಮಾತು. ಅವಳಿಗೆ ಹದಿನಾಲ್ಕು ನಡೆಯುತ್ತಿದೆ. ಅಲ್ಲೇ ದೊಡ್ಡವಳಾದರೆ ಗುಡಿಸಲಿನ ಕೆಲಸ ನಿನ್ನದು. ನಮ್ಮ ಮನೆತನದ ಕ್ರಮ ನಿನಗೆ ನೆನಪಿರಬೇಕು. ಸೋದರಮಾವ ತನ್ನ ಕೈಯಿಂದ ಹೊಂಗೆ ಸೊಪ್ಪು ಕಡಿದು ತಂದು ಗುಡಿಸಲು ಕಟ್ಟಬೇಕು. ಹದಿನಾರು ದಿನವೂ ದಿನಕ್ಕೊಂದು ಹಸಿ ಕೊಂಬೆ ತಂದು ಸಿಕ್ಕಿಸಬೇಕು. ಒಳಗೆ ಕೂತವಳ ಕಣ್ಣಿಗೆ ಬಾಡಿದ ಎಲೆ ಬೀಳಬಾರದು. ಕೊನೆಯ ದಿನ ಗುಡಿಸಲನ್ನು ಸುಡಬೇಕು. ನನಗೆ ನಮ್ಮ ದೊಡ್ಡಮಾವ ಕಟ್ಟಿದ ಗುಡಿಸಲಿನ ವಾಸನೆ ಇನ್ನೂ ಮೂಗಿನಲ್ಲಿದೆ.

ಅವಳ ಮಾತು ಹೆಚ್ಚಾದರೆ ಒಂದಷ್ಟು ಅಕ್ಕಿ ಕೊಟ್ಟು ಕಲ್ಲು ಆರಿಸಲು ಕೂರಿಸು. ಆಗ ಹಾಡುತ್ತಾಳೆ, ಮಾತಾಡುವುದಿಲ್ಲ.

ಪೇಚ್ಚಿ

*

ದಿಂಡಿಗಲ್, 12 ಮೇ 1895

ತಂಗಿಗೆ,

ಶುಭ ಸಮಾಚಾರ. ತಿಲಗವತಿ ಏಪ್ರಿಲ್ 22ಕ್ಕೆ ದೊಡ್ಡವಳಾದಳು. ಎಲ್ಲವನ್ನೂ ನೀನು ಬರೆದ ಹಾಗೆಯೇ ನಡೆಸಿದೆ. ಕೆರೆ ಏರಿಯಿಂದ ಎರಡು ಗಾಡಿ ಹೊಂಗೆ ಸೊಪ್ಪು ತಂದು ಗುಡಿಸಲು ಕಟ್ಟಿದೆ. ದಿನಕ್ಕೊಂದು ಕೊಂಬೆಯೂ ಆಯಿತು. ಹದಿನಾರನೆಯ ದಿನ ಬೆಂಕಿ ಇಟ್ಟೆವು. ಒಂದೇ ಕಡ್ಡಿಗೆ ಬುಗ್ಗೆಂದು ಹತ್ತಿ, ವೀರಮ್ಮಾಳ್ ಆರತಿ ತಟ್ಟೆ ಕೆಳಗಿಡುವುದರೊಳಗೆ ಬೂದಿಯಾಗಿತ್ತು. ನೆರೆಯವರಿಗೆಲ್ಲ ಊಟ ಹಾಕಿದೆ.

ಹುಡುಗಿ ಈಗ ಹದಕ್ಕೆ ಬಂದಿದ್ದಾಳೆ. ಒಳಗೆ ಹೋದವಳು ಬೇರೆ, ಹೊರಗೆ ಬಂದವಳು ಬೇರೆ. ಕೂಗಾಟವಿಲ್ಲ, ಓಡಾಟವಿಲ್ಲ. ಹೇಳಿದ ಕೆಲಸವನ್ನು ಬಾಯಿ ತೆರೆಯದೆ ಮಾಡುತ್ತಾಳೆ. ನಮ್ಮ ಚೆಲ್ಲಮ್ಮಾಳನ್ನು ನೋಡಿ ಕಲಿಯಲಿ ಎಂದಿದ್ದೆನಲ್ಲ, ಕಲಿತೇಬಿಟ್ಟಳು. ಇಬ್ಬರೂ ಒಂದೇ ಕಂಬಕ್ಕೆ ಒರಗಿ ಕೂತರೆ ಮನೆ ಖಾಲಿ ಇದ್ದ ಹಾಗಿರುತ್ತದೆ. ವೀರಮ್ಮಾಳ್ ದಿನಾ ಹೊಗಳುತ್ತಾಳೆ.

ಈ ವರ್ಷ ಹೊಗೆಸೊಪ್ಪು ಚೆನ್ನಾಗಿ ಬಂದಿದೆ. ನಾನು ಮಂಡಿ ಬಿಟ್ಟು ಅಲ್ಲಾಡುವ ಹಾಗಿಲ್ಲ.

ಗೋವಿಂದನ್

*

ಗೂಡಲೂರು, 3 ಜೂನ್ 1895

ಅಣ್ಣನಿಗೆ,

ನೀನು ಮಾಡಿದ್ದಕ್ಕೆಲ್ಲ ನಮಸ್ಕಾರ. ಮೂರು ಸಲ ಓದಿದೆ.

ಕೆಲವು ವಿಷಯ ತಿಳಿಸು. ಅವಳು ಊಟ ಮಾಡುತ್ತಾಳೋ? ಅಕ್ಕಿ ಆರಿಸುವಾಗ ಹಾಡುತ್ತಾಳೋ? ಅವರೆ ಬೀಜ ಹುಟ್ಟಿತೋ? ಹುಟ್ಟಿದ್ದರೆ ಬಳ್ಳಿಗೆ ಏನು ಹೆಸರಿಟ್ಟಿದ್ದಾಳೆ ಎಂದು ಕೇಳು. ಅವಳು ಬಳ್ಳಿಗೆಲ್ಲ ಹೆಸರಿಡುತ್ತಾಳೆ. ಹೋದ ವರ್ಷದ ಸೋರೆಬಳ್ಳಿಗೆ ನಿನ್ನ ಹೆಸರೇ ಇಟ್ಟಿದ್ದಳು, ಬರೀ ಎಲೆ ಬಿಟ್ಟು ಕಾಯಿ ಕಾಣಿಸಲಿಲ್ಲವೆಂದು.

ಇಲ್ಲಿ ರೋಗ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ನಾನು ಚೆನ್ನಾಗಿದ್ದೇನೆ.

ಪೇಚ್ಚಿ

*

ದಿಂಡಿಗಲ್, 20 ಜುಲೈ 1895

ತಂಗಿಗೆ,

ನಿನ್ನ ಪ್ರಶ್ನೆಗಳಿಗೆ ಉತ್ತರ. ಊಟ: ಕಲಸುತ್ತಾಳೆ, ಎರಡು ತುತ್ತಿಗೆ ಏಳುತ್ತಾಳೆ. ಹಾಡು: ಇಲ್ಲ. ಅವರೆ: ಹುಟ್ಟಿತು. ನಮ್ಮ ಅಂಗಳಕ್ಕೆ ತೊಗಲಿನವರ ಗೋಡೆ ಅಡ್ಡವಾಗಿ ಬಿಸಿಲು ಬರುವುದು ಎರಡು ಗಳಿಗೆ ಮಾತ್ರ. ಬಳ್ಳಿ ಬಿಳಿಯ ನೂಲಿನ ಹಾಗೆ ಮೊಳದುದ್ದ ಎದ್ದು ಬಿದ್ದುಹೋಯಿತು. ಹೆಸರು ಕೇಳಿದೆ. ಹೇಳಲಿಲ್ಲ.

ವಿಷಯ ಮುಚ್ಚಿಡುವುದಿಲ್ಲ. ಅವಳು ಮಾತು ಬಿಟ್ಟಿದ್ದಾಳೆ. ಹೋದ ವಾರ ನಾನೇ ಎಣಿಸಿದೆ, ಏಳು ದಿನಕ್ಕೆ ಹನ್ನೊಂದು ಮಾತು. ಹಿತ್ತಲ ಗೋಡೆಯ ಬುಡದಲ್ಲಿ ಕಲ್ಲಿನ ಸಂದಿ ನೋಡುತ್ತ ಕೂರುತ್ತಾಳೆ. ವೈದ್ಯನು ಪಿತ್ತವೆಂದು ಕಷಾಯ ಕೊಟ್ಟ. ಗಾಳಿ ಸೋಕಿರಬಹುದೆಂದು ವೀರಮ್ಮಾಳ್ ಪೂಜಾರಿಯನ್ನು ಕರೆಸಿದಳು. ಅವನು ಬೇವಿನ ಸೊಪ್ಪಿನ ಕಟ್ಟು ಹಿಡಿದು ಮುಖಕ್ಕೆ ಬೀಸಿದ್ದೇ ತಡ, ಈ ಹುಡುಗಿ ಎರಡು ಕೈಯಿಂದ ಕಟ್ಟು ಕಿತ್ತುಕೊಂಡು ಎದೆಗೆ ಒತ್ತಿಕೊಂಡಳು. ಪೂಜಾರಿ "ವಿಡು, ವಿಡು" ಎಂದು ಎಳೆದರೂ ಬಿಡಲಿಲ್ಲ. ಕಡೆಗೆ ಬರಿಗೈಯಲ್ಲಿ ಮಂತ್ರ ಹೇಳಿ ಎದ್ದುಹೋದ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮೂರು ದಿನ ಅದನ್ನು ತಬ್ಬಿಕೊಂಡೇ ಮಲಗಿದಳು. ಎಲೆ ಒಣಗಿ ಉದುರಿದ ಮೇಲೆ ಕಡ್ಡಿಗಳನ್ನು ತಾನೇ ತಂದು ಒಲೆಯ ಹತ್ತಿರ ಇಟ್ಟಳು.

ಈ ವಯಸ್ಸಿನಲ್ಲಿ ಇಂಥದ್ದು ಇರುತ್ತದೆ. ಮದುವೆಯಾದರೆ ಸರಿಹೋಗುತ್ತದೆಂದು ಎಲ್ಲರೂ ಹೇಳುತ್ತಾರೆ. ಸಂಕ್ರಾಂತಿ ಕಳೆದು ತೈ ತಿಂಗಳಿಗೆ ಮುಹೂರ್ತ ನೋಡಿಸಲೇ?

ಗೋವಿಂದನ್

*

ಗೂಡಲೂರು, 6 ಆಗಸ್ಟ್ 1895

ಅಣ್ಣಾ,

ನಗಬೇಡ. ಅವಳನ್ನು ಕಳಿಸು. ರೋಗ ಇದ್ದರೂ ಸರಿ, ಹೋದರೂ ಸರಿ. ಪೆರಿಯಸಾಮಿ ಏಲಕ್ಕಿ ಇಳಿಸಿ ಹಿಂದಿರುಗುವ ಗಾಡಿಯಲ್ಲಿ ಕಳಿಸು.

ಪೇಚ್ಚಿ

*

ದಿಂಡಿಗಲ್, 14 ಸೆಪ್ಟೆಂಬರ್ 1895

ತಂಗಿಗೆ,

ಒಂದು ತಿಂಗಳು ಬರೆಯದಿದ್ದುದು ಕೋಪದಿಂದ. ಮುರೆ ಹೆಣ್ಣು ಮಾವನ ಮನೆಯಿಂದ ತಾಯಿಯ ಮನೆಗೆ ವಾಪಸು ಹೋದಳೆಂದರೆ ನಮ್ಮವರು ಏನು ಅರ್ಥ ಮಾಡುತ್ತಾರೆಂದು ನಿನಗೆ ಗೊತ್ತು. ನಾನು ಏನು ಕಡಿಮೆ ಮಾಡಿದೆ? ಮನೆಮಗಳ ಹಾಗೆ ಇಟ್ಟುಕೊಂಡೆ. ಗುಡಿಸಲು ಕಟ್ಟಿದೆ. ವೈದ್ಯನನ್ನು ತೋರಿಸಿದೆ. ನೀನು ನಾಲ್ಕು ಸಾಲಿನಲ್ಲಿ ಕಳಿಸು ಎಂದೆ.

ಕಳಿಸಿದ್ದೇನೆ. ನಿನ್ನ ಮಾತಿಗಲ್ಲ. ಅವಳು ನಾಲ್ಕು ದಿನದಿಂದ ಗಂಜಿಯನ್ನೂ ನುಂಗುತ್ತಿಲ್ಲ. ನನ್ನ ಮನೆಯಲ್ಲಿ ಏನಾದರೂ ಆದರೆ ನಿನ್ನ ಮುಖ ನೋಡಲು ನನ್ನಿಂದಾಗದು. ಪೆರಿಯಸಾಮಿಯ ಗಾಡಿ ಈ ಬೆಳಿಗ್ಗೆ ಹೊರಟಿತು, ಈ ಕಾಗದ ಅಂಚೆಯಲ್ಲಿ ಬರುತ್ತದೆ. ಜೊತೆಗೆ ದಾದಿಯಾಗಿ ಒಬ್ಬ ಮುದುಕಿ ಇದ್ದಾಳೆ.

ಮುರೆಯ ಮಾತು ಹಾಗೆಯೇ ಇದೆ. ಚೆಲ್ಲಮ್ಮಾಳ್ ಗಾಡಿಯ ಹಿಂದೆ ಬೀದಿಯ ತಿರುವಿನವರೆಗೆ ಹೋಗಿ ಬಂದಳು. ಅಳಲಿಲ್ಲ, ಏನೂ ಹೇಳಲಿಲ್ಲ.

ಗೋವಿಂದನ್

*

ಗೂಡಲೂರು, 29 ಅಕ್ಟೋಬರ್ 1895

ಅಣ್ಣನಿಗೆ,

ಮಗಳು ಬದುಕಿದ್ದಾಳೆ. ಮೊದಲು ಅದನ್ನು ಬರೆಯುತ್ತೇನೆ.

ಬತ್ತಲಗುಂಡು ದಾಟಿದ ಮೇಲೆ, ದಾರಿಯ ಎರಡು ಕಡೆಯೂ ಹುಣಸೆಮರ ಸಿಕ್ಕಿದಾಗ, ಗಾಡಿಯ ಮುಚ್ಚಿಗೆ ಸರಿಸಿ ಹೊರಗೆ ತಲೆ ಹಾಕಿದಳಂತೆ. ತೇನಿಯ ಹತ್ತಿರ ಗಂಜಿ ಕೇಳಿದಳಂತೆ. ಪೆರಿಯಸಾಮಿ ನನಗೆ ಹೇಳಿದ: "ಅಕ್ಕಾ, ನಾನು ವಲ್ಲಿ ಬಿಚ್ಚಿ ಕಿವಿ ಕೊಟ್ಟೇ ಕೂತಿದ್ದೆ. ಗಂಜಿ ಅಂದ ಒಂದು ಮಾತು ಬಿಟ್ಟು ಬೇರೆ ಬರಲೇ ಇಲ್ಲ, ಪಾವಂ." ಅವನು ಹೇಳುತ್ತ ಅತ್ತ.

ಈ ತಿಂಗಳು ಬೆಟ್ಟ ಕೊರೆದ ತೂತಿನಿಂದ ಹೊಸ ನೀರು ನಮ್ಮ ಕಣಿವೆಗೆ ಇಳಿದಿದೆ. ಬದು ಬದುವೆಲ್ಲ ಹಸಿರು. ಅವಳು ದಿನವೆಲ್ಲ ಕಾಲುವೆಯ ಹೊಂಗೆ ಮರದ ಕೆಳಗೆ ನೀರಿಗೆ ಕಾಲು ಬಿಟ್ಟು ಕೂರುತ್ತಿದ್ದಳು. ನಾನು ಕೆಲಸ ಹೇಳಲಿಲ್ಲ, ಮಾತಾಡು ಎಂದು ಕಾಡಲೂ ಇಲ್ಲ. ಊಟ ಅಲ್ಲಿಗೇ ಒಯ್ದುಕೊಟ್ಟೆ. ನೀರು ಬಂದ ಹದಿಮೂರನೆಯ ದಿನ ನಮ್ಮ ಕರು ಪಕ್ಕದವರ ಭತ್ತದ ನಾಟಿಗೆ ನುಗ್ಗಿತು. "ಏಯ್, ನಿಂಗೆ ಕಣ್ಣಿಲ್ಲವಾ, ಪಚ್ಚೆ ನಾತು ಅದು, ಹೊಟ್ಟೆ ಒಡೀತೈತೆ!" ಎಂದು ಕಿರುಚಿದಳು. ನಾನು ಬದುವಿನ ಮೇಲೆಯೇ ಕೂತುಬಿಟ್ಟೆ. ಕರು ಬೇಕಾದಷ್ಟು ಮೇದಿತು.

ಆ ಸಂಜೆ ಅವಳೇ ಹೇಳಿದಳು. "ಅವ್ವಾ, ಅಲ್ಲಿ ಎಲೆಯೆಲ್ಲ ಸತ್ತುಹೋಗಿದ್ದೋವು. ಮೇಲೂ ಅದೇ, ಪಕ್ಕದಾಗೂ ಅದೇ. ಹದಿನಾರು ದಿನ ನಾನು ಅದನ್ನೇ ನೋಡಿದೆ. ಆಮೇಲೆ ಬಾಯಿ ತೆಗೆದರೆ ಒಳಗೆ ಏನೂ ಇರಲಿಲ್ಲ."

ನೀನು ಅವಳನ್ನು ಹೊಗೆಸೊಪ್ಪಿನ ಕೊಟ್ಟಿಗೆಯಲ್ಲಿ ಕೂರಿಸಿದ್ದೆ, ಅಣ್ಣಾ. ಹೊಂಗೆ ತರಲಿಲ್ಲ.

ಇದು ನನಗೆ ಈಗ ತಿಳಿದದ್ದಲ್ಲ. ನಿನ್ನ ಮೇ ತಿಂಗಳ ಕಾಗದದಲ್ಲೇ ತಿಳಿಯಿತು. ದಿನಾ ಕೊಂಬೆ ಬಿದ್ದ ಹಸಿ ಗುಡಿಸಲು ಒಂದು ಕಡ್ಡಿಗೆ ಉರಿಯುವುದಿಲ್ಲ. ನನ್ನದು ಬೆಳಗಿನಿಂದ ಸಂಜೆಯವರೆಗೆ ಹೊಗೆಯಾಡಿತ್ತು. ತಿಳಿದೂ ನಾನು ಸುಮ್ಮನಿದ್ದೆ. ಆಗ ನನಗೇ ವಾಂತಿಭೇದಿಯಾಗಿ, ಬದುಕಿದರೂ ಎರಡು ತಿಂಗಳು ಕೋಲು ಹಿಡಿದು ನಡೆಯುತ್ತಿದ್ದೆ. ಚೆನ್ನಾಗಿದ್ದೇನೆಂದು ಬರೆದದ್ದು ಸುಳ್ಳು. ನಿನ್ನನ್ನು ಕೇಳಿದರೆ ನೀನು ಸಿಟ್ಟಾಗಿ ಅವಳನ್ನು ಈ ರೋಗದೂರಿಗೆ ಕಳಿಸಿಬಿಡುತ್ತೀಯೆಂದು ಹೆದರಿದೆ. ನೀನು ಸುಳ್ಳು ಬರೆದೆ, ನಾನು ನಂಬಿದ ಹಾಗೆ ಬರೆದೆ. ಇಬ್ಬರೂ ಸೇರಿ ಅವಳನ್ನು ಅಲ್ಲೇ ಕೂರಿಸಿದೆವು.

ಊರಿನ ಹಿರಿಯರು, ಆ ಹದಿನಾರು ದಿನ ಲೆಕ್ಕಕ್ಕಿಲ್ಲ, ಮತ್ತೆ ಮಾಡಬೇಕು ಎನ್ನುತ್ತಾರೆ. ಕ್ರಮ ತಪ್ಪಿದ್ದರಿಂದಲೇ ಅವಳ ಮಾತು ಹೋಯಿತೆಂದು ನಾನೂ ನಂಬಿದ್ದೇನೆ. ಇನ್ನೂ ಪೂರ್ತಿ ಬಂದಿಲ್ಲ. ಹಾಡು ಬಂದಿಲ್ಲ. ಕೊಂಬೆ ಸೋದರಮಾವನ ಕೈಯಿಂದಲೇ ಬೀಳಬೇಕು. ಬಾ.

ಪೇಚ್ಚಿ

*

ದಿಂಡಿಗಲ್, 10 ನವೆಂಬರ್ 1895

ತಂಗಿಗೆ,

ಹೌದು. ಕೆರೆ ಏರಿ ಇಲ್ಲಿಂದ ಒಂದೂವರೆ ಮೈಲಿ. ಆ ವಾರ ಹೊಗೆಸೊಪ್ಪಿನ ಗಾಡಿಗಳು ಬಾಗಿಲಲ್ಲಿ ಸಾಲಾಗಿ ನಿಂತಿದ್ದವು. ಪೇಚ್ಚಿ ಇಲ್ಲಿಗೆ ಬಂದು ನೋಡುತ್ತಾಳೆಯೇ ಎಂದುಕೊಂಡೆ. ಕೊಟ್ಟಿಗೆಯ ಮೂಲೆಯಲ್ಲಿ ಮೂರು ತಟ್ಟಿ ನಿಲ್ಲಿಸಿದೆ. ಮೇಲೆ ಹೊಗೆಸೊಪ್ಪು ತೂಗುಹಾಕಿತ್ತು, ಅದೂ ಎಲೆಯೇ ಎಂದು ಮನಸ್ಸಿಗೆ ಹೇಳಿಕೊಂಡೆ. ಕೊನೆಗೆ ಸುಟ್ಟದ್ದು ಆ ಮೂರು ತಟ್ಟಿಗಳನ್ನು. ಎರಡನೆಯ ದಿನ ಅವಳು ಸಂದಿಯಿಂದ, "ಮಾಮಾ, ಕೊಂಬೆ ತಂದ್ರಾ?" ಎಂದು ಕೇಳಿದಳು. ನಾಳೆ ಎಂದೆ. ಮೂರನೆಯ ದಿನವೂ ಕೇಳಿದಳು. ಆಮೇಲೆ ಕೇಳಲಿಲ್ಲ. ಇದನ್ನು ನಾನು ವೀರಮ್ಮಾಳಿಗೂ ಹೇಳಿಲ್ಲ. ಬರೆಯುವಾಗ ನಾಚಿಕೆಯಾಗುತ್ತಿದೆ.

ಆದರೆ ಕ್ರಮ ತಪ್ಪಿದ್ದಕ್ಕೆ ಮಾತು ಹೋಯಿತೆಂದು ನನಗೆ ಅನ್ನಿಸುವುದಿಲ್ಲ. ಕಾಲುವೆಯ ದಡದಲ್ಲಿ ಹುಟ್ಟಿದ ಹುಡುಗಿಯನ್ನು ತಂದು ಕಲ್ಲಿನ ಮೇಲೆ ಕೂರಿಸಿದೆವು, ಅಷ್ಟೆ. ಗುಡಿಸಲು ಕಟ್ಟದೆಯೇ ಕರುವನ್ನು ಬೈದಳಲ್ಲ. ಹಾಗಿದ್ದ ಮೇಲೆ ನಾನು ಯಾಕೆ ಬರಬೇಕು? ಮಂಡಿ ಬಿಟ್ಟು ಒಂದು ತಿಂಗಳು ಆಗುವ ಮಾತಲ್ಲ.

ನೀನು ಕಾಯಿಲೆ ಬಿದ್ದದ್ದನ್ನು ಹೇಳಬೇಕಿತ್ತು.

ಗೋವಿಂದನ್

*

ಗೂಡಲೂರು, 19 ನವೆಂಬರ್ 1895

ಅಣ್ಣಾ,

ನೀನು ಹೇಳಿದ್ದೇ ಸರಿಯಿರಬಹುದು, ನಾನು ಹೇಳಿದ್ದೇ ಸರಿಯಿರಬಹುದು. ನೀನು ಬರುತ್ತೀಯೋ ಎಂದು ಅವಳು ಕೇಳಿದಳು. "ಮಾಮ ಬರುತ್ತಾರಾ? ಕೊಂಬೆ ತರುತ್ತಾರಾ?" ಎಂದಳು. ನಾಳೆ ಎಂದು ನಾನು ಹೇಳಲಾರೆ.

ಪೇಚ್ಚಿ

*

ದಿಂಡಿಗಲ್, 18 ಜನವರಿ 1896

ತಂಗಿಗೆ,

ನಿನ್ನ ಊರಿನಿಂದ ಹೊರಟು ಇಲ್ಲಿಗೆ ಸೇರಿ ಇಪ್ಪತ್ತು ದಿನವಾಯಿತು. ಅಂಗೈಯ ಗಾಯ ಒಣಗಿದೆ. ಹದಿನಾರು ದಿನ ಮಚ್ಚು ಹಿಡಿದು ಹೊಂಗೆ ಮರ ಹತ್ತುವ ವಯಸ್ಸು ನನ್ನದಲ್ಲ. ಆರನೆಯ ದಿನ ಕಾಲು ಜಾರಿ ಕಾಲುವೆಗೆ ಬಿದ್ದದ್ದನ್ನು ಊರೆಲ್ಲ ಹೇಳಿಕೊಂಡು ನಗುವ ಅಗತ್ಯವೂ ಇರಲಿಲ್ಲ. ನಿನ್ನ ಮಗಳು ಗುಡಿಸಲ ಒಳಗಿನಿಂದಲೇ ನಕ್ಕಳು. ಒಂಬತ್ತನೆಯ ದಿನದಿಂದ ಮಾತು ಶುರುವಾಯಿತು. "ಮಾಮಾ, ನಿನ್ನೆಯ ಕೊಂಬೇಲಿ ಇರುವೆ ಐತೆ", "ಮಾಮಾ, ಇದು ನಾಲ್ಕು ಎಲೆ ಕಮ್ಮಿ ಐತೆ". ಹನ್ನೆರಡನೆಯ ದಿನ ಪೆರಿಯಸಾಮಿಯ ಹಾಗೆ ನಾನೂ ವಲ್ಲಿ ಹುಡುಕಿದೆ. ಕೊನೆಯ ದಿನ ಗುಡಿಸಲು ಬೆಳಗಿನಿಂದ ಸಂಜೆಯವರೆಗೆ ಹೊಗೆಯಾಡಿತು. ನನ್ನ ಕಣ್ಣಲ್ಲಿ ನೀರು ಬಂದದ್ದು ಹೊಗೆಗೆ ಎಂದು ಆ ದಿನ ಹೇಳಿದೆ. ಅದನ್ನೂ ನೀನು ನಂಬಿದ ಹಾಗೆ ನಟಿಸಿದೆ.

ಮುರೆಯ ಮಾತನ್ನು ನಾನು ಎತ್ತುವುದಿಲ್ಲ. ನಮ್ಮವರು ಕೇಳಿದರೆ ಬಿಟ್ಟುಕೊಟ್ಟವನು ನಾನು ಎಂದು ಹೇಳು. ತಿಲಗವತಿ ಈ ಕಲ್ಲಿನ ಅಂಗಳಕ್ಕೆ ಮತ್ತೆ ಬರಬೇಕಾಗಿಲ್ಲ. ದುರೈಗೆ ಹೇಳಿದ್ದೇನೆ, ಅವನು ತಕರಾರು ಮಾಡಲಿಲ್ಲ.

ಇನ್ನೊಂದು ವಿಷಯ. ಅಲ್ಲಿಂದ ಹೊರಡುವಾಗ ಗಾಡಿಯಲ್ಲಿ ಒಂದು ಹೊಂಗೆ ಕೊಂಬೆ ಹಾಗೆಯೇ ಬಂತು. ಒದ್ದೆ ಬಟ್ಟೆ ಸುತ್ತಿದ್ದೆ, ಯಾಕೆಂದು ಕೇಳಬೇಡ. ಇಲ್ಲಿ ಇಳಿದು ಅದನ್ನು ಚೆಲ್ಲಮ್ಮಾಳ ಕೈಗೆ ಕೊಟ್ಟೆ. ಅವಳು ಚೊಂಬಿನಲ್ಲಿ ನೀರು ಹಾಕಿ ತಲೆದಿಂಬಿನ ಹತ್ತಿರ ಇಟ್ಟುಕೊಂಡಳು. ದಿನಾ ನೀರು ಬದಲಿಸಿದಳು. ಐದನೆಯ ದಿನ ಎಲೆಯೆಲ್ಲ ಉದುರಿತು. ಆ ದಿನ ಅವಳು ಮಂಡಿಗೆ ಬಂದಳು. ಹುಟ್ಟಿದಾಗಿನಿಂದ ಮಂಡಿಯ ಹೊಸ್ತಿಲು ತುಳಿದವಳಲ್ಲ. ಹತ್ತು ಜನ ವ್ಯಾಪಾರಿಗಳ ಮುಂದೆ ನಿಂತು ನನ್ನನ್ನು ಕೇಳಿದಳು: "ಅಪ್ಪಾ, ಇನ್ನೊಂದು ಐತಾ?"

ಪೇಚ್ಚಿ, ನಿನ್ನ ಮಗಳು ಇಲ್ಲಿ ಏಳು ತಿಂಗಳು ಇದ್ದಳು. ನನ್ನ ಮಗಳು ಹನ್ನೊಂದನೆಯ ವರ್ಷ ಇಲ್ಲೇ ಇದ್ದಾಳೆ. ತಿಲಗವತಿ ಮಾತು ನಿಲ್ಲಿಸಿದಾಗ ಗಾಬರಿಯಾದೆವು, ಯಾಕೆಂದರೆ ಮೊದಲು ಮಾತಾಡಿದ್ದಳು. ಇವಳು ಶುರುವೇ ಮಾಡಲಿಲ್ಲ. ಒಳ್ಳೆಯ ಮಗು, ಒಳ್ಳೆಯ ಮಗು ಎಂದು ನಿನಗೂ ಎಷ್ಟು ಸಲ ಬರೆದೆ.

ಈ ಕಾಗದದ ಜೊತೆ ಚೆಲ್ಲಮ್ಮಾಳ್ ಬರುತ್ತಿದ್ದಾಳೆ. ವೀರಮ್ಮಾಳ್ ಎರಡು ದಿನ ಅತ್ತು ಒಪ್ಪಿದಳು. ಕೆಲಸ ಹೇಳಬೇಡ, ಮಾತಾಡು ಎಂದು ಕಾಡಬೇಡ. ತಿಲಗವತಿಗೆ ಮಾಡಿದ ಹಾಗೆಯೇ ಕಾಲುವೆಯ ಹತ್ತಿರ ಬಿಟ್ಟುಬಿಡು. ಅವರೆ ಬೀಜವನ್ನು ಹೇಗೆ ಊರುವುದೆಂದು ತಿಲಗವತಿ ಹೇಳಿಕೊಡಲಿ.

ಚೆಲ್ಲಮ್ಮಾಳ್ ಮಾತಾಡಿದ ದಿನ ಏನು ಮಾತಾಡಿದಳೆಂದು ಬರೆ. ಜೋರಾಗಿಯೋ ಮೆಲ್ಲಗೋ, ಅದನ್ನೂ ಬರೆ. ನನ್ನ ಮಗಳ ದನಿ ನನಗೆ ಅಷ್ಟಾಗಿ ಗೊತ್ತಿಲ್ಲ.

ಗೋವಿಂದನ್